ಹಡಗಿನಿಂದಿಳಿದು ಹೋದ ಅಕ್ಕಯ್ಯ

ಅಕ್ಕಯ್ಯನ ತಿಥಿಯ ದಿನ ಮಾಲೂರಿನ ಅವಳ ಮನೆಯ ಪಡಸಾಲೆಯಲ್ಲಿ ಸೇವಂತಿಗೆ ಹಾರ ಹಾಕಿದ ಒಂದು ಫೋಟೋ ಇಟ್ಟಿದ್ದರು. ಹಸಿರು ಸೀರೆ, ಅದರ ಮೇಲೆ ಅಳತೆಗೆ ಮೀರಿದ ಕಪ್ಪು ಕೋಟು, ಗಾಳಿಗೆ ಎದ್ದು ನಿಂತ ಮುಂಗೂದಲು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿರುವ ಮುಖ. ಹಿಂದೆಲ್ಲ ಬರೀ ನೀಲಿ. ನನ್ನ ಪಕ್ಕ ಊಟಕ್ಕೆ ಕೂತಿದ್ದ ಹೆಂಗಸು ಅದನ್ನೇ ನೋಡುತ್ತಾ, "ಸ್ಟುಡಿಯೋದಲ್ಲಿ ಪರದೆ ಹಾಕಿ ಚೆನ್ನಾಗಿ ತೆಗೆದವ್ರೆ," ಅಂದಳು. ಅದು ಪರದೆಯಲ್ಲ, ಸಮುದ್ರ. ಹೆಲ್ಸಿಂಕಿಯಿಂದ ಸ್ಟಾಕ್‌ಹೋಮಿಗೆ ಹೋಗುವ ಹಡಗಿನ ಮೇಲಟ್ಟದಲ್ಲಿ ನಾನೇ ತೆಗೆದದ್ದು ಎಂದು ಹೇಳಬೇಕೆನಿಸಿತು. ಆದರೆ ಅಷ್ಟು ಹೇಳಿದರೆ ಆ ಸಂಜೆಯ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಎಲೆಯ ಮುಂದೆ ಕೂತು ಹೇಳುವ ಮಾತಲ್ಲ ಅದು.

ನಮ್ಮ ಗೆಳೆತನ ಹುಟ್ಟಿದ್ದು ರೈಲಿನಲ್ಲಿ. ಬೆಂಗಳೂರಿನ ವಿಮಾ ಕಚೇರಿಯೊಂದರಲ್ಲಿ ನನಗೆ ಕೆಲಸ. ಮಾಲೂರಿನಿಂದ ದಿನಾ ಬೆಳಗಿನ ಪ್ಯಾಸೆಂಜರಿನ ಹೆಂಗಸರ ಡಬ್ಬಿಯಲ್ಲಿ ಹೋಗಿ ಬರುತ್ತಿದ್ದೆ. ಸರ್ಕಾರಿ ಆಸ್ಪತ್ರೆಯ ನರ್ಸು ವಿಜಯಾ ಬಂಗಾರಪೇಟೆಯಲ್ಲೇ ಹತ್ತಿ ನಮಗೆಲ್ಲ ಟವೆಲ್ ಹಾಸಿ ಜಾಗ ಹಿಡಿದಿರುತ್ತಿದ್ದಳು. ಕೆ.ಆರ್. ಪುರದ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದ ಶಾರದಾ ಮುಳಬಾಗಿಲ ಕಡೆಯವಳು, ಮಾಲೂರಿನಲ್ಲಿ ಮನೆ ಮಾಡಿದ್ದಳು. ನಮ್ಮ ಮೂವರ ನಡುವೆ ವಾರಕ್ಕೆರಡು ಸಲ ಬಂದು ತುರುಕಿಕೊಂಡು ಕೂರುತ್ತಿದ್ದವಳು ಅಕ್ಕಯ್ಯ. ಗೌನಿಪಲ್ಲಿಯ ಮಾವಿನ ತೋಟದವರ ಮಗಳು, ಮಾಲೂರಿನ ಇಟ್ಟಿಗೆ ಗೂಡಿನವರ ಸೊಸೆ. ಗಂಡ ತೀರಿಕೊಂಡ ಮೇಲೆ ಗೂಡನ್ನು ತಾನೇ ನಡೆಸುತ್ತಿದ್ದಳು. ಆರ್ಡರು ಹಿಡಿಯಲು ಬೆಂಗಳೂರಿಗೆ ಹೋಗುತ್ತಿದ್ದಳು. ಊರಿಗೆಲ್ಲ ಅವಳು ಅಕ್ಕಯ್ಯ. ನಮಗೂ ಅಷ್ಟೆ.

ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಮೊದಮೊದಲು ನಾನು ಬಹುವಚನದಲ್ಲೇ ಮಾತಾಡಿಸಿದೆ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಅವಳಿಗೆ ತಡೆಯದಾಯಿತು.

"ಏಮ್ಮಾ, ನನ್ನೇನು ಬ್ಯಾಂಕ್ ಮ್ಯಾನೇಜರ್ ಅಂದ್ಕೊಂಡಿದೀಯಾ? ಹೋಗಿ ಬನ್ನಿ ಅಂತೀಯಲ್ಲ! ಬಾ ಹೋಗು ಅನ್ನು. ಇಲ್ದಿದ್ರೆ ಆ ಕಡೆ ಸೀಟಿಗೆ ಹೋಗ್ತೀನಿ ನೋಡು."

ಅಂದಿನಿಂದ ಏಕವಚನ. ಅವಳು ಹೋದ ಮೇಲೂ ಅದನ್ನು ಬದಲಿಸಲು ಮನಸ್ಸಿಲ್ಲ.

ವೈಟ್‌ಫೀಲ್ಡ್ ಬಂತೆಂದರೆ ಅಕ್ಕಯ್ಯ ಕಿಟಕಿಗೆ ಅಂಟಿಕೊಳ್ಳುತ್ತಿದ್ದಳು. ಹೊರಗೆ ಅರ್ಧ ಎದ್ದ ಕಟ್ಟಡಗಳು, ಮುಗಿದ ಕಟ್ಟಡಗಳು, ಬಾಲ್ಕನಿಗಳಲ್ಲಿ ಬಟ್ಟೆ. "ಅಗೋ, ಆ ಐದಂತಸ್ತಿಂದು ನಂದು. ಆ ಹಳದಿ ಬಣ್ಣದ್ದು ಅರ್ಧ ನಂದು, ಅರ್ಧ ಯಾರ್ದೋ ಕಳಪೆ ಮಾಲು," ಎನ್ನುತ್ತಿದ್ದಳು. ಬಣ್ಣ ಬಳಿದ ಗೋಡೆಯೊಳಗಿನ ಇಟ್ಟಿಗೆ ಯಾರದ್ದೆಂದು ಇವಳಿಗೆ ಹೇಗೆ ಕಾಣುತ್ತದೆ ಎಂದು ವಿಜಯಾ ರೇಗಿಸುವಳು. "ಮಗ ಸೊಸೆ ಮನೇಲಿದ್ರೂ ಹೆತ್ತೋಳಿಗೆ ಕಾಣಲ್ವಾ?" ಎಂದು ಅಕ್ಕಯ್ಯ ಬಾಯಿ ಮುಚ್ಚಿಸುವಳು. ಇಡೀ ಡಬ್ಬಿ ನಗುತ್ತಿತ್ತು.

ಅವಳನ್ನು ದೇವತೆ ಮಾಡುವ ಆಸೆ ನನಗಿಲ್ಲ. ಗೂಡಿನಲ್ಲಿ ಅವಳ ಬಾಯಿ ಜೋರು. ಲಾರಿಗೆ ಇಟ್ಟಿಗೆ ತುಂಬುವವರು ಒಂದು ಸಾಲು ವಾರೆ ಇಟ್ಟರೆ ತೆಲುಗು, ಕನ್ನಡ, ಮುರುಕು ಹಿಂದಿ ಮೂರರಲ್ಲೂ ಸೇರಿಸಿ ಬೈಯುತ್ತಿದ್ದಳು. ಕೆಲಸದವರಲ್ಲಿ ಹೆಚ್ಚಿನವರು ಒಡಿಶಾದ ಹಳ್ಳಿಗಳಿಂದ ಬರುವವರು. ಚಳಿ ಶುರುವಾಗುವ ಹೊತ್ತಿಗೆ ಬಂದು ಗೂಡಿನ ಪಕ್ಕದ ಗುಡಿಸಲುಗಳಲ್ಲಿದ್ದು, ಮುಂಗಾರು ಇಳಿಯುವಾಗ ಊರಿಗೆ ಮರಳುತ್ತಿದ್ದರು. ಅವರಲ್ಲಿ ಒಬ್ಬ ಗೂಡಿನ ಬೆಂಕಿ ನೋಡಿಕೊಳ್ಳುವವನು. ಮೇಲಿನ ಕಿಂಡಿಗಳಿಂದ ಬಗ್ಗಿ ಬಗ್ಗಿ ನೋಡಿ ಅವನ ಹುಬ್ಬುಗಳು ಸುಟ್ಟು ಹೋಗಿದ್ದವು. ಮುಖಕ್ಕೆ ಯಾವಾಗಲೂ ಆಶ್ಚರ್ಯಪಟ್ಟವನ ಕಳೆ. ಅಕ್ಕಯ್ಯ ಅವನನ್ನು ಬೆಂಕಿಯವನು ಎನ್ನುತ್ತಿದ್ದಳು. ಅವನ ಹೆಂಡತಿಯನ್ನು ಬೆಂಕಿಯವನ ಹೆಂಡತಿ. ನಾವೂ ಹಾಗೇ ಅನ್ನುತ್ತಿದ್ದೆವು. ಅದು ಹೆಸರಲ್ಲ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಒಬ್ಬೊಬ್ಬರಾಗಿ ನಾವು ಮೂವರೂ ನಿವೃತ್ತರಾದೆವು. ಕೊನೆಯವಳು ಶಾರದಾ. ಅವಳ ಬೀಳ್ಕೊಡುಗೆಯ ಮರುದಿನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಅವಳು ಸಂಕೋಚದಿಂದಲೇ ಒಂದು ಮಾತು ಹೇಳಿದಳು.

"ಅಷ್ಟು ವರ್ಷ ಮಕ್ಕಳಿಗೆ ನಾರ್ವೆ ಅಂದ್ರೆ ಮಧ್ಯರಾತ್ರಿ ಸೂರ್ಯನ ನಾಡು ಅಂತ ಬರೆಸಿದೀನಿ ಕಣ್ರೇ. ಪ್ರಶ್ನೆ ಕೇಳಿದೀನಿ, ಮಾರ್ಕ್ಸ್ ಕೊಟ್ಟಿದೀನಿ. ನಾನೇ ನೋಡಿಲ್ಲ. ಒಂದ್ಸಲ ನೋಡ್ಬೇಕು."

ವಿಜಯಾ ಆಗಲೇ ಫೋನಿನಲ್ಲಿ ಪ್ರವಾಸದ ಕಂಪನಿಗಳನ್ನು ಹುಡುಕತೊಡಗಿದ್ದಳು. ಅಕ್ಕಯ್ಯ ಕಡಲೆಪುರಿ ಅಗಿಯುವುದನ್ನು ನಿಲ್ಲಿಸಿ ಕೇಳಿದಳು: "ಮುಳುಗೋದೇ ಇಲ್ವಾ ಸೂರ್ಯ?"

"ಬೇಸಿಗೇಲಿ ಇಲ್ಲ."

"ಹಂಗಾದ್ರೆ ಹಸಿ ಇಟ್ಟಿಗೆ ಎಷ್ಟು ಬೇಗ ಒಣಗ್ಬೋದು! ನಾನೂ ಬರ್ತೀನಿ."

ಎಲ್ಲರೂ ನಕ್ಕೆವು. ಅವಳು ತಮಾಷೆ ಮಾಡುತ್ತಿರಲಿಲ್ಲ. ಮಾರನೇ ವಾರವೇ ಪಾಸ್‌ಪೋರ್ಟಿಗೆ ಓಡಾಡಿದಳು. ನಾವು ಹೊರಡುವ ದಿನ ಜೂನಿನ ಮೊದಲಿಗೇ ಬಿದ್ದದ್ದರಿಂದ, ಮಳೆಗೆ ಕಾಯದೆ ಆ ಸಲ ಗೂಡನ್ನು ಬೇಗ ಮುಚ್ಚಿಸುವ ಏರ್ಪಾಡು ಮಾಡಿದಳು. "ನಾನಿಲ್ದಾಗ ಬೆಂಕಿ ಉರೀಬಾರ್ದು. ಅವರೂ ಊರಿಗೆ ಹೋಗ್ಲಿ, ನಾಲ್ಕು ದಿನ ಹೆಚ್ಗೆ ಇದ್ದು ಬರ್ಲಿ," ಅಂದಳು. ಹೊರಡುವ ಹಿಂದಿನ ಭಾನುವಾರ ನಾಲ್ವರೂ ಕುರುಡುಮಲೆಗೆ ಹೋಗಿ ಗಣೇಶನಿಗೆ ಕೈಮುಗಿದು ಬಂದೆವು. ಅಷ್ಟು ದೊಡ್ಡ ಗಣೇಶನ ಎದುರು ನಿಂತು ಅಕ್ಕಯ್ಯ, "ನೀನೂ ಬರೋದಾದ್ರೆ ಹೇಳಪ್ಪ, ಆದ್ರೆ ವಿಮಾನದಲ್ಲಿ ಎರಡು ಸೀಟು ಬೇಕಾಗ್ತದೆ," ಎಂದು ಪಿಸುಗುಟ್ಟಿದಳು. ಶಾರದಾ ಕೆನ್ನೆ ಬಡಿದುಕೊಂಡಳು.

ನಾವು ಮೊದಲು ಇಳಿದ ಹೆಲ್ಸಿಂಕಿಯ ನೆನಪು ನನಗೆ ಇವತ್ತಿಗೂ ತೊಳೆದ ಗಾಜಿನ ಮೂಲಕ ಕಂಡ ಹಾಗೆ. ರಸ್ತೆಗಳಲ್ಲಿ ಜನರಿದ್ದರೂ ಸದ್ದಿಲ್ಲ. ಟ್ರಾಮುಗಳು ಕೂಡ ಯಾರನ್ನೋ ಎಬ್ಬಿಸಬಾರದೆಂಬಂತೆ ಸಾಗುತ್ತಿದ್ದವು. ಬಿಳಿಯ ಕಾಂಡದ ಮರಗಳ ಎಲೆಗಳು ಗಾಳಿಯಿಲ್ಲದೆಯೂ ನಡುಗುತ್ತಿದ್ದವು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳುವಂತಿರಲಿಲ್ಲ. ಅದು ಸುಮ್ಮನೆ ಎಲ್ಲ ಕಡೆ ಇತ್ತು. ಹೋಟೆಲಿನ ದಪ್ಪ ಪರದೆ ಎಳೆದು ಮಲಗಿದರೂ ಅಂಚಿನಿಂದ ಒಂದು ಗೆರೆ ಬೆಳಕು ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ನಾವು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಓಡಾಡಿಕೊಂಡಿದ್ದೆವು.

ಬಂದರಿನ ಹತ್ತಿರ ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ದೊಡ್ಡ ಚರ್ಚೊಂದಿದೆ. ಉಳಿದವರೆಲ್ಲ ಒಳಗಿನ ಚಿನ್ನದ ಕೆಲಸ ನೋಡಲು ಹೋದರು. ಅಕ್ಕಯ್ಯ ಹೊರಗೇ ನಿಂತು ಗೋಡೆಯ ಮೇಲೆ ಅಂಗೈ ಇಟ್ಟಳು. ಮೆಲ್ಲಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು.

"ಚೆನ್ನಾಗಿ ಬೆಂದಿದೆ ಕಣೇ," ಅಂದಳು, ಯಾರದೋ ಮನೆಯ ಹೋಳಿಗೆ ತಿಂದು ಒಪ್ಪುವವಳ ಹಾಗೆ. "ಒಂದು ಫೋಟೋ ತೆಗಿ. ನಮ್ಮ ಬೆಂಕಿಯವನಿಗೆ ತೋರಿಸ್ತೀನಿ. ಇಷ್ಟು ವರ್ಷ ಆದ್ರೂ ಬಣ್ಣ ಹಂಗೇ ಐತೆ ನೋಡು ಅಂತೀನಿ. ಹೊಟ್ಟೆ ಉರ್ಕೊಳ್ಳಿ."

ಸಂಜೆ ಹಡಗು ಹತ್ತಿದೆವು. ಹನ್ನೆರಡು ಅಂತಸ್ತೋ ಏನೋ. ಒಳಗೆ ಅಂಗಡಿ ಬೀದಿ, ಹೋಟೆಲುಗಳು, ಲಿಫ್ಟುಗಳು. "ಇದು ಹಡಗಾ? ಊರನ್ನೇ ತೇಲಿಸಿಬಿಟ್ಟವ್ರಲ್ಲ!" ಎಂದು ಅಕ್ಕಯ್ಯ ಬಾಯಿ ತೆರೆದು ನಿಂತಳು. ನಾವು ನಾಲ್ವರೂ ಮೇಲಟ್ಟಕ್ಕೆ ಹೋದೆವು. ಊರು ಹಿಂದೆ ಸರಿಯತೊಡಗಿತು. ಕೋಟೆಯ ಗೋಡೆಯಿದ್ದ ಒಂದು ದ್ವೀಪ ಕೈಗೆ ಎಟಕುವಷ್ಟು ಹತ್ತಿರ ಬಂದು, ಅಲ್ಲಿ ಹುಲ್ಲಿನ ಮೇಲೆ ಕೂತಿದ್ದ ಯಾರೋ ನಮಗೆ ಕೈ ಬೀಸಿದರು. ಅಕ್ಕಯ್ಯ ಎರಡೂ ಕೈಯೆತ್ತಿ ಬೀಸಿದಳು. ಆಮೇಲೆ ನೀರು, ಬರೀ ನೀರು, ಅಲೆಯೇ ಇಲ್ಲದ ನೀರು. ಆಗಲೇ ನಾನು ಆ ಫೋಟೋ ತೆಗೆದದ್ದು.

ಅವಳು ಆ ನಗುವನ್ನು ಇನ್ನೂ ಮುಗಿಸಿರಲಿಲ್ಲ ಎಂದೇ ನನ್ನ ನೆನಪು. ನಮ್ಮ ಪ್ರವಾಸದ ಗುಂಪಿನ ಒಬ್ಬರು, ಮೈಸೂರಿನ ನಿವೃತ್ತ ಅಧಿಕಾರಿ, ಫೋನು ಹಿಡಿದು ನಮ್ಮ ಹತ್ತಿರ ಬಂದರು. "ನೋಡಿದ್ರಾ? ರೈಲು ಆಕ್ಸಿಡೆಂಟು. ಭಾರೀ ಅಂತೆ. ಪೂರ್ವ ಕರಾವಳಿ ಕಡೆ, ಒಡಿಶಾದಲ್ಲಿ. ಬೆಂಗಳೂರಿಂದ ಹೋದ ಗಾಡೀನೂ ಸಿಕ್ಕಾಕೊಂಡಿದೆ."

ಅಕ್ಕಯ್ಯ ಕೋಟಿನೊಳಗಿಂದ ತನ್ನ ಫೋನು ತೆಗೆದಳು. ಹಡಗಿನ ವೈ-ಫೈ ಬರುವ ಬಾಗಿಲ ಹತ್ತಿರ ನಿಂತು ಗೂಡಿನ ರೈಟರಿಗೆ ಫೋನು ಮಾಡಿದಳು. ಲೆಕ್ಕ, ಲೋಡು ಎಲ್ಲ ನೋಡಿಕೊಳ್ಳುವ ಹಳೆಯ ಮನುಷ್ಯ ಅವನು. ಫೋನಿನ ಧ್ವನಿ ನಮಗೂ ಕೇಳುತ್ತಿತ್ತು.

"ನಮ್ಮೋರು ಯಾವ ಗಾಡಿಗೆ ಹೋದ್ರು?"

"ಅದೇ ಅಕ್ಕಯ್ಯಾ... ಅದೇ ಗಾಡಿ. ನಾನೇ ಬೆಂಗಳೂರ್ಗಂಟ ಹೋಗಿ ಹತ್ತಿಸಿ ಬಂದೆ. ಜನರಲ್ ಡಬ್ಬಿ. ಬೆಂಕಿಯೋನು, ಅವ್ನ ಹೆಂಡ್ತಿ, ಇನ್ನೂ ಆರೇಳು ಜನ. ಟೀವಿ ನೋಡ್ತಾವ್ನಿ, ಫೋನ್ ಮಾಡ್ತಾನೇ ಅವ್ನಿ, ಒಬ್ರೂ ಎತ್ತುತಿಲ್ಲ."

ವಿಜಯಾ ನಮ್ಮೆಲ್ಲರಿಗಿಂತ ಮೊದಲು ಚೇತರಿಸಿಕೊಂಡಳು. ಆಸ್ಪತ್ರೆಯಲ್ಲಿ ಇಂಥ ದಿನಗಳನ್ನು ಕಂಡವಳು. ಸುದ್ದಿಯಲ್ಲಿ ಬರುತ್ತಿದ್ದ ಸಹಾಯವಾಣಿಯ ಸಂಖ್ಯೆಗಳನ್ನು ಒತ್ತುತ್ತಾ ಹೋದಳು. ಬಹಳ ಹೊತ್ತಿನ ಮೇಲೆ ಒಂದು ಕಡೆ ಒಬ್ಬ ಹುಡುಗಿ ಎತ್ತಿದಳು. ವಿಜಯಾ ಹಿಂದಿಯಲ್ಲಿ ವಿಷಯ ಹೇಳಿ, ಫೋನು ಕಿವಿಯಿಂದ ಸ್ವಲ್ಪ ಸರಿಸಿ ಕೇಳಿದಳು: "ಅಕ್ಕಯ್ಯಾ, ಹೆಸರು ಕೇಳ್ತಿದಾರೆ."

"ಯಾರ್ದು?"

"ಬೆಂಕಿಯವನ್ದು. ಹೆಸರು, ವಯಸ್ಸು, ಊರು."

ಅಕ್ಕಯ್ಯ ಬಾಯಿ ತೆರೆದಳು. ಅವಳ ಮುಖ ಆಗ ಹೇಗಿತ್ತೆಂದು ನಾನು ಎಷ್ಟೋ ಸಲ ಬರೆಯಲು ನೋಡಿದ್ದೇನೆ. ಮನೆಯ ಬೀಗದ ಕೈ ಇದೆಯೆಂದು ನಂಬಿ ಸೊಂಟಕ್ಕೆ ಕೈ ಹಾಕಿದವಳ ಮುಖ.

"ಬೆಂಕಿಯವನು..." ಅಂದಳು. ಮತ್ತೆ, "ಎಂಟೊಂಬತ್ತು ಸೀಸನ್ನಿಂದ ಬರ್ತಾವ್ನೆ ಕಣೇ. ಹುಬ್ಬಿಲ್ಲ ಅವನಿಗೆ. ಹೇಳು, ಹುಬ್ಬಿಲ್ಲ ಅಂತ ಹೇಳು."

ವಿಜಯಾ ಹೇಳಿದಳು. ಆ ಕಡೆಯ ಹುಡುಗಿ ತಾಳ್ಮೆಯಿಂದಲೇ, ಹೆಸರು ತಿಳಿದುಕೊಂಡು ಮತ್ತೆ ಮಾಡಿ ಎಂದಳಂತೆ.

ಅಕ್ಕಯ್ಯ ತಿರುಗಿ ರೈಟರಿಗೆ ಮಾಡಿದಳು. ಅವನಿಗೂ ಗೊತ್ತಿಲ್ಲ. ಅವನ ಫೋನಿನಲ್ಲೂ ಆ ನಂಬರು 'ಬೆಂಕಿ' ಎಂದೇ ಇತ್ತು. ಪಕ್ಕದ ಗೂಡಿನಲ್ಲಿ ಆ ಕಡೆಯವರದೇ ಎರಡು ಸಂಸಾರ ಇನ್ನೂ ಉಳಿದಿದ್ದವು. ಮಾಲೂರಿನಲ್ಲಿ ಆಗ ಎಲ್ಲರೂ ಮಲಗುವ ಹೊತ್ತು. ರೈಟರು ಸೈಕಲ್ ಹತ್ತಿ ಅಲ್ಲಿಗೆ ಹೋದ. ನಾವು ಕಾದೆವು. ನಮ್ಮ ಎದುರಿಗೆ ಸೂರ್ಯ ಮುಳುಗುವುದನ್ನು ಮರೆತವನಂತೆ ನೀರಿನಂಚಿಗೆ ಒರಗಿಕೊಂಡಿದ್ದ. ಬಿಳಿ ಹಕ್ಕಿಗಳು ರೆಕ್ಕೆ ಬಡಿಯದೆ ನಮ್ಮ ಜೊತೆಜೊತೆಗೇ ಬರುತ್ತಿದ್ದವು. ಎಲ್ಲವೂ ಯಾರೋ ಕಾಣುತ್ತಿರುವ ಕನಸಿನ ಹಾಗಿತ್ತು. ಆ ಕನಸಿನಲ್ಲಿ ನಾವು ನಾಲ್ಕು ಜನ ಮಾತ್ರ ಎಚ್ಚರವಿದ್ದೆವು.

ಫೋನು ಬಂತು.

"ಸುದಾಮ ಅಂತೆ ಅಕ್ಕಯ್ಯಾ. ಹೆಂಡ್ತಿ ಕುಂತಲಾ."

"ಸುದಾಮ," ಅಂದಳು ಅಕ್ಕಯ್ಯ. ಉಳಿದವರ ಹೆಸರುಗಳನ್ನೂ ರೈಟರು ಒಂದೊಂದಾಗಿ ಹೇಳಿದ. ಅವಳು ಒಂದೊಂದನ್ನೂ ಜೋರಾಗಿ ಹೇಳಿಕೊಂಡಳು. ಶಾರದಾ ಅವನ್ನು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ವಿಜಯಾ ಮತ್ತೆ ಆ ಹುಡುಗಿಯನ್ನು ಹಿಡಿದು ಹೆಸರುಗಳನ್ನು ಬರೆಸಿದಳು. ಇನ್ನೂ ಏನೂ ಗೊತ್ತಾಗುತ್ತಿಲ್ಲ, ಜನ ಹುಡುಕುತ್ತಿದ್ದಾರೆ ಎಂಬ ಉತ್ತರ.

ಆ ಸಂಜೆ ನಮ್ಮ ಗುಂಪಿಗೆ ಹಡಗಿನ ಒಂದು ಹಾಲಿನಲ್ಲಿ ಅಂತ್ಯಾಕ್ಷರಿ ಇಟ್ಟಿದ್ದರು. ಪ್ರವಾಸದ ಮ್ಯಾನೇಜರ್ ಮೈಕು ಹಿಡಿದು ಏನು ಮಾಡುವುದೆಂದು ತೋಚದೆ ನಿಂತಿದ್ದ. ಒಬ್ಬರು, ಇಲ್ಲಿ ಕೂತು ನಾವೇನು ಮಾಡೋಕಾಗುತ್ತೆ, ಹಾಡು ನಿಲ್ಲಿಸಿದ್ರೆ ಸತ್ತವರು ಬರ್ತಾರಾ ಅಂದರು. ಇನ್ನೊಬ್ಬರಿಗೆ ಸಿಟ್ಟು ಬಂತು. ಮಾತು ಬೆಳೆಯುವ ಹೊತ್ತಿಗೆ ಅಕ್ಕಯ್ಯ ಒಳಗೆ ಬಂದಳು. ಎಲ್ಲರೂ ಅವಳನ್ನು ನೋಡಿದರು. ಅವಳಿಗೆ ಅವರ ಜಗಳ ಕಿವಿಗೆ ಬಿದ್ದಿತ್ತೋ ಇಲ್ಲವೋ. ಮ್ಯಾನೇಜರನ ಹತ್ತಿರ ಹೋಗಿ, "ಮಗಾ, ಈ ಹಡಗು ದಡ ಸೇರ್ತಿದ್ದ ಹಂಗೇ ನಂಗೊಂದು ವಿಮಾನ ನೋಡು. ಒಡಿಶಾಕ್ಕೆ," ಅಂದಳು. ಅವನು ಮೈಕನ್ನು ಕೆಳಗಿಟ್ಟು ಅವಳ ಜೊತೆ ಹೊರಗೆ ಬಂದ. ಹಾಲಿನಲ್ಲಿ ಆಮೇಲೆ ಯಾರೂ ಹಾಡಲಿಲ್ಲ ಎಂದು ಕೇಳಿದೆ.

ಕ್ಯಾಬಿನ್ನಿನಲ್ಲಿ ನಾವು ಮೂವರೂ ಅವಳನ್ನು ತಡೆಯಲು ನೋಡಿದೆವು. ವಿಮಾನ ಬದಲಿಸಬೇಕು, ಇಂಗ್ಲಿಷ್ ಬರುವುದಿಲ್ಲ, ಒಡಿಯಾ ಮೊದಲೇ ಬರುವುದಿಲ್ಲ, ಅಲ್ಲಿ ಹೋಗಿ ಯಾರನ್ನು ಕೇಳುತ್ತೀಯ.

"ಅವರೆಲ್ಲ ದೊಡ್ಡ ದೊಡ್ಡ ಜನ ಹುಡುಕ್ತಿರ್ತಾರೆ ಅಕ್ಕಯ್ಯಾ. ಮಿಲ್ಟ್ರಿ, ಪೊಲೀಸು. ನೀನು ಹೋಗಿ ಏನ್ಮಾಡ್ತೀಯ?" ಎಂದಳು ಶಾರದಾ.

"ಅವರ್ಯಾರೂ ಅವನ ಮುಖ ನೋಡಿಲ್ಲ. ನಾನು ನೋಡಿದೀನಿ." ಹಾಸಿಗೆಯ ಅಂಚಿನಲ್ಲಿ ಕೂತು ಅಕ್ಕಯ್ಯ ನೆಲ ನೋಡುತ್ತಿದ್ದಳು. ಮತ್ತೆ ಅಂದಳು: "ಮಳೆ ಬರೋಗಂಟ ಇರ್ತೀವಿ ಅಂದಿದ್ದ ಕಣ್ರೇ ಅವನು. ಇನ್ನೂ ಒಂದು ಗೂಡು ಸುಡಬೋದು ಅಂದ. ನಾನೇ ಬೇಡ ಅಂದೆ. ನಾನು ಹಡಗು ಹತ್ತಬೇಕಾಗಿತ್ತು, ಅದಕ್ಕೆ ಅವರನ್ನ ರೈಲು ಹತ್ತಿಸ್ದೆ."

"ರೈಲೇನು ನೀನು ಓಡಿಸ್ತಿದ್ಯಾ?" ವಿಜಯಾ ಗದರಿದಳು. ಗದರುವಾಗಲೇ ಅವಳ ಕಣ್ಣು ತುಂಬಿಬಂತು.

ಅಕ್ಕಯ್ಯ ಎದ್ದು ತನ್ನ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ನಾವು ಏನು ಹೇಳಿದರೂ ಅದು ಅವಳ ಮಾತಿನ ಮುಂದೆ ಸಣ್ಣದಾಗುತ್ತಿತ್ತು.

ಬೆಳಿಗ್ಗೆ ಎದ್ದಾಗ ಅವಳು ಹಾಸಿಗೆಯಲ್ಲಿರಲಿಲ್ಲ. ಮೇಲಟ್ಟಕ್ಕೆ ಹೋದೆ. ಹಡಗು ಸ್ಟಾಕ್‌ಹೋಮಿನ ದಾರಿಯ ದ್ವೀಪಗಳ ನಡುವೆ ಹೋಗುತ್ತಿತ್ತು. ಎಷ್ಟು ದ್ವೀಪ! ಕೆಲವು ಒಂದು ಮನೆಯಷ್ಟು, ಕೆಲವು ಒಂದು ಮರದಷ್ಟು. ಕೆಂಪು ಮರದ ಮನೆ, ಅದರ ಮುಂದೆ ಪುಟ್ಟ ದೋಣಿ, ನೀರಿನೊಳಗೆ ಅದೇ ಮನೆ, ಅದೇ ದೋಣಿ. ಒಂದು ಕಡೆ ಒಬ್ಬ ಮುದುಕ ಮರದ ಕಟ್ಟೆಯ ತುದಿಯಲ್ಲಿ ಕೂತು ಬಟ್ಟಲಿನಿಂದ ಏನೋ ಕುಡಿಯುತ್ತಿದ್ದ. ಅಷ್ಟು ದೊಡ್ಡ ಹಡಗು ಹಾದುಹೋದರೂ ತಲೆಯೆತ್ತಲಿಲ್ಲ. ಪೈನ್ ಮರಗಳ ಮೇಲಿಂದ ತೆಳ್ಳಗಿನ ಮಂಜು ಎದ್ದು ಹೋಗುತ್ತಿತ್ತು. ಆ ಹಡಗು ನೀರಿನ ಮೇಲೆ ಸಾಗುತ್ತಿದೆ ಅನ್ನಿಸಲಿಲ್ಲ. ದ್ವೀಪಗಳೇ ಒಂದೊಂದಾಗಿ ನಮ್ಮನ್ನು ನೋಡಿ ದಾಟಿ ಹೋಗುತ್ತಿದ್ದಂತಿತ್ತು.

ಅಕ್ಕಯ್ಯ ಕಟಕಟೆ ಹಿಡಿದು ನಿಂತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತದ್ದು ಗೊತ್ತಾಗಿ, ತಿರುಗದೆ ಅಂದಳು:

"ಇವತ್ತು ಇಷ್ಟು ಚೆಂದ ಇರಬಾರ್ದಾಗಿತ್ತು ಕಣೇ."

ಬಂದರಿನಲ್ಲಿ ವಿಜಯಾ ತಾನೂ ಜೊತೆಗೆ ಬರುತ್ತೇನೆಂದು ಚೀಲ ಎತ್ತಿಕೊಂಡಳು. ಅಕ್ಕಯ್ಯ ಕಿತ್ತು ಕೆಳಗಿಟ್ಟಳು. "ಶಾರದಂಗೆ ಆ ಸೂರ್ಯ ತೋರಿಸ್ಕೊಂಡು ಬಾ. ನೀನಿಲ್ದಿದ್ರೆ ಅವಳು ದಾರೀಲಿ ಮಂಕಾಗಿ ಎಲ್ಲಾದ್ರೂ ಕೂತುಬಿಡ್ತಾಳೆ." ಮ್ಯಾನೇಜರ್ ಒಂದು ಕಾಗದದ ಮೇಲೆ ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂದು ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟಿದ್ದ. ಅದನ್ನು ಕುಪ್ಪಸದೊಳಗೆ ಸೇರಿಸಿ, ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು, ಅವನು ಕರೆಸಿದ ಟ್ಯಾಕ್ಸಿ ಹತ್ತಿದಳು. ತಿರುಗಿ ನೋಡಲಿಲ್ಲ.

ಆಮೇಲಿನ ನಮ್ಮ ಪ್ರವಾಸ ಅರ್ಧ ಮಾತ್ರ ಅಲ್ಲಿ ನಡೆಯಿತು, ಇನ್ನರ್ಧ ಅಕ್ಕಯ್ಯನ ಫೋನಿಗೆ ಕಾಯುವುದರಲ್ಲಿ. ನಾರ್ವೆಯಲ್ಲಿ ಎರಡು ಬೆಟ್ಟಗಳ ನಡುವಿನ ಕಿರಿದಾದ ಸಮುದ್ರದಲ್ಲಿ ದೋಣಿ ಹೋಗುತ್ತಿದ್ದಾಗ ಅವಳ ಧ್ವನಿ ಸಂದೇಶ ಬಂತು. ಮೇಲಿಂದ ಜಲಪಾತ ಬೀಳುತ್ತಿದ್ದ ಸದ್ದಿನಲ್ಲಿ ಮೂವರೂ ತಲೆಗೆ ತಲೆ ತಾಗಿಸಿ ಕೇಳಿಸಿಕೊಂಡೆವು. "ಸಿಕ್ಕಿದಳು. ಕುಂತಲಾ ಸಿಕ್ಕಿದಳು. ಆಸ್ಪತ್ರೇಲಿ ಅವಳೆ. ಕಾಲು ಮುರಿದೈತೆ. ಅವನಿನ್ನೂ ಇಲ್ಲ." ಹಿಂದೆ ಯಾರೋ ಅಳುವ, ಯಾರೋ ಯಾರನ್ನೋ ಕೂಗುವ ಸದ್ದು. ಎರಡು ದಿನ ಬಿಟ್ಟು ಇನ್ನೊಂದು ಬಂತು. ಮೂರೇ ಮಾತು: "ಅವನೂ ಸಿಕ್ಕಿದ ಕಣ್ರೇ."

ಸಿಕ್ಕಿದ ಬಗೆಯನ್ನು ಅವಳು ನಮಗೆ ವಿವರವಾಗಿ ಹೇಳಲಿಲ್ಲ. ತುಂಡುತುಂಡಾಗಿ ಗೊತ್ತಾದದ್ದಿಷ್ಟು. ಸತ್ತವರಲ್ಲಿ ಗುರುತು ಸಿಗದವರ ಫೋಟೋಗಳನ್ನು ಒಂದು ಕಡೆ ಪರದೆಯ ಮೇಲೆ ತೋರಿಸುತ್ತಿದ್ದರು. ಕುಂತಲಾಗೆ ಎದ್ದು ಬರುವಂತಿರಲಿಲ್ಲ. ಅವಳ ಊರಿನವರು ಬಂದು ನೋಡಿ, ಮುಖ ತಿಳಿಯದೆ ಹೋಗಿದ್ದರು. ಅಕ್ಕಯ್ಯ ಹಗಲೆಲ್ಲ ಆ ಪರದೆಯ ಮುಂದೆ ಕೂತಳು. ಹುಬ್ಬಿಲ್ಲದ ಒಂದು ಮುಖ ಬಂದಾಗ ಎದ್ದು ನಿಂತು, ಅಲ್ಲಿದ್ದವರು ಬೆಚ್ಚುವ ಹಾಗೆ, "ಸುದಾಮ! ಇವನು ಸುದಾಮ!" ಎಂದು ಕನ್ನಡದಲ್ಲೇ ಕೂಗಿದಳಂತೆ. ಉಳಿದವರು ಗಾಯಗೊಂಡಿದ್ದರೂ ಬದುಕಿದ್ದರು. ಸುದಾಮನನ್ನು ಊರಿಗೆ ಕರೆದೊಯ್ದ ಗಾಡಿಯಲ್ಲಿ ಅಕ್ಕಯ್ಯನೂ ಹೋದಳು. ಕೆಲಸಗಳೆಲ್ಲ ಮುಗಿಯುವವರೆಗೂ ಅಲ್ಲೇ ಇದ್ದಳು. ಅಲ್ಲಿಯ ಹೆಂಗಸರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. "ಮಾತು ಬೇಕಾಗ್ಲಿಲ್ಲ ಬಿಡು. ಅವರ ಮನೇಲಿ ಅಕ್ಕಿ ಆರಿಸ್ದೆ," ಅಂದಳು ಒಮ್ಮೆ. ಅಷ್ಟೆ.

ಮುಂದಿನ ಸೀಸನ್ನಿಗೆ ಜನ ಬಂದರು. ಕುಂತಲಾನೂ ಅಣ್ಣನ ಜೊತೆ ಬಂದಳು. ಅಕ್ಕಯ್ಯ ಕರೆದಿರಲಿಲ್ಲ, ಕರೆಯುವ ಧೈರ್ಯ ಇರಲಿಲ್ಲವಂತೆ. ಇಟ್ಟಿಗೆ ಹೊರುವಂತಿರಲಿಲ್ಲವಾದ್ದರಿಂದ ಕೆಲಸದವರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಪಾಲಾಯಿತು. ಅಕ್ಕಯ್ಯನ ಬಾಯಿ ಮೊದಲಿನ ಹಾಗೇ ಇತ್ತು. ಒಂದೇ ವ್ಯತ್ಯಾಸ, ಈಗ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಿದ್ದಳು. ಹೆಸರು ತಪ್ಪಾಗಿ ಹೇಳಿದರೆ ಅವರೇ ನಗುತ್ತಾ ತಿದ್ದುತ್ತಿದ್ದರು. ತಿದ್ದಿಕೊಂಡು, ಬಿಟ್ಟಲ್ಲಿಂದ ಬೈಗುಳ ಮುಂದುವರಿಸುತ್ತಿದ್ದಳು.

ಆ ಚಳಿಗಾಲ ನಾವು ಮೂವರೂ ಅವಳನ್ನು ನೋಡಲು ಗೂಡಿನ ಹತ್ತಿರ ಹೋದೆವು. ರಾಗಿ ಕೊಯ್ದ ಹೊಲಗಳ ಆಚೆ ಗೂಡಿನ ಹೊಗೆ ನೆಟ್ಟಗೆ ಏರುತ್ತಿತ್ತು. ತಗಡಿನ ಚಪ್ಪರದ ಕೆಳಗೆ ಹಗ್ಗದ ಮಂಚದ ಮೇಲೆ ಅಕ್ಕಯ್ಯ ಒರಗಿದ್ದಳು. ಬಹಳ ಇಳಿದು ಹೋಗಿದ್ದಳು. ಎದೆಯ ತೊಂದರೆ ಆಗಲೇ ಶುರುವಾಗಿತ್ತು, ನಮಗೆ ಹೇಳಿರಲಿಲ್ಲ. ಕುಂತಲಾ ಕುಂಟುತ್ತಾ ಬಂದು ಟೀ ಕೊಟ್ಟು, ಕಂಬಕ್ಕೆ ಒರಗಿ ಅಲ್ಲೇ ಕೂತಳು. ಅವಳ ಮಡಿಲಲ್ಲಿ ಯಾರದೋ ಕೂಸು ಮಲಗಿತ್ತು.

ಅದೂ ಇದೂ ಮಾತಾಯಿತು. ಅಕ್ಕಯ್ಯ ಇದ್ದಕ್ಕಿದ್ದಂತೆ ಕೇಳಿದಳು: "ನಾನು ಅರ್ಧಕ್ಕೇ ಇಳಿದು ಬಂದೆನಲ್ಲ. ಮುಂದೆ ಏನೇನು ನೋಡಿದ್ರಿ, ಹೇಳ್ಲೇ ಇಲ್ಲ ನೀವು."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಮಾತನ್ನು ನಾವೆಲ್ಲರೂ ಇಷ್ಟು ದಿನ ಜೋಪಾನವಾಗಿ ದಾಟಿಸಿಕೊಂಡು ಬಂದಿದ್ದೆವು. ಅದೂ ಕುಂತಲಾ ಎದುರಿಗೆ.

"ಈಗ್ಯಾಕೆ ಅಕ್ಕಯ್ಯಾ..." ಅಂದಳು ಶಾರದಾ.

"ಈಗಲ್ದೆ ಯಾವಾಗ? ಅವಳಿಗೂ ಕೇಳ್ಬೇಕಂತೆ. ನಾನು ಎಲ್ಲಿಂದ ಬಂದೆ ಅಂತ ಆಸ್ಪತ್ರೇಲೇ ಕೇಳಿದ್ಲು. ಸಮುದ್ರದಿಂದ ಅಂದಿದ್ದೆ."

ಶಾರದಾ ಟೀ ಲೋಟ ಕೆಳಗಿಟ್ಟಳು. ಮೊದಲು ತಡವರಿಸಿದಳು. ಆಮೇಲೆ ಅವಳೊಳಗಿನ ಟೀಚರು ಎದ್ದು ಕೂತಳು. ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಹೋದ ಹಡಗು. ದಡದುದ್ದಕ್ಕೂ ಹಿಮ ಹೊತ್ತ ಬೆಟ್ಟಗಳು. ಒಂದೊಂದು ಹಳ್ಳಿಯಲ್ಲೂ ನಿಂತು ಒಂದಿಷ್ಟು ಜನರನ್ನು ಇಳಿಸಿ ಹೋಗುವ ಬಗೆ. ಕೊನೆಗೆ ಒಂದು ದಿನ ಸೂರ್ಯ ಇಳಿಯುತ್ತಾ ಇಳಿಯುತ್ತಾ ಬಂದು, ನೀರನ್ನು ಮುಟ್ಟುವ ಮೊದಲು ನಿಂತು, ಏನೋ ನೆನಪಾದವನಂತೆ ಮತ್ತೆ ಮೇಲಕ್ಕೆ ಹೊರಟದ್ದು. ಅಕ್ಕಯ್ಯ ಕಣ್ಣು ಮುಚ್ಚಿ ಕೇಳುತ್ತಾ, ನಡುನಡುವೆ ತನ್ನ ಮುರುಕು ಹಿಂದಿಯಲ್ಲಿ ಕುಂತಲಾಗೆ ಹೇಳುತ್ತಿದ್ದಳು. ಹಿಮಕ್ಕೆ ಹಿಂದಿ ಗೊತ್ತಿಲ್ಲದೆ 'ಐಸು ಬೆಟ್ಟ' ಅಂದಳು.

ಕುಂತಲಾ ಮೆಲ್ಲಗೆ ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ವಿಜಯಾ ನಮಗೆ ಕನ್ನಡದಲ್ಲಿ ಹೇಳಿದಳು: "ಸೂರ್ಯ ಮುಳುಗದೇ ಇದ್ರೆ ಅಲ್ಲಿಯವರಿಗೆ ಒಂದು ದಿನ ಮುಗೀತು ಅಂತ ಹೇಗೆ ಗೊತ್ತಾಗತ್ತೆ ಅಂತ ಕೇಳ್ತಾಳೆ."

ಅಷ್ಟು ವರ್ಷ ಪಾಠ ಹೇಳಿದ ಶಾರದಾ ಅಕ್ಕಯ್ಯನ ಕಡೆ ನೋಡಿದಳು. ಅಕ್ಕಯ್ಯ ಕಣ್ಣು ತೆರೆದಳು. ಗೂಡಿನ ಹೊಗೆಯನ್ನು ನೋಡುತ್ತಾ, ಕನ್ನಡದಲ್ಲೇ ಅಂದಳು:

"ಮುಗಿಯಲ್ಲ ಕಣೇ. ನಾನು ನೋಡಿದೀನಲ್ಲ. ಆ ದಿನ ಮುಗಿಯೋದೇ ಇಲ್ಲ."

ಅದನ್ನು ಯಾರೂ ಹಿಂದಿಗೆ ತಿರುಗಿಸಿ ಹೇಳಲಿಲ್ಲ. ಕುಂತಲಾ ಹೌದೆಂಬಂತೆ ತಲೆಯಾಡಿಸಿ, ಮಡಿಲ ಕೂಸಿನ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದಳು. ಅಕ್ಕಯ್ಯ ಮತ್ತೆ ಕಣ್ಣು ಮುಚ್ಚಿ, ಮಂಚದ ಮೇಲೆ ಶಾರದಾಗೂ ಜಾಗವಾಗುವಂತೆ ಕಾಲು ಮಡಚಿಕೊಂಡಳು.

"ಹೇಳು ಶಾರದಾ, ನಿಲ್ಲಿಸ್ಬೇಡ. ಹಡಗು ಎಲ್ಲಿಗೆ ಬಂತು?"

ಶಾರದಾ ಮೂಗು ಒರೆಸಿಕೊಂಡು, ಅವಳ ಪಕ್ಕ ಹೋಗಿ ಕೂತು, ಹಡಗನ್ನು ಮತ್ತೆ 
ನೀರಿಗಿಳಿಸಿದಳು.